ಹೆಡಕಿನ ಮೇಲಿನ ಬಿಳುಪು

ತಲೆ ಬಾಚುತ್ತಿದ್ದ ಅವ್ವನ ಹಣಿಗೆ ತಟ್ಟನೆ ನಿಂತಿತು. "ಅಲುಗಾಡಬ್ಯಾಡ" ಎಂದಳು. ಕತ್ತಿನ ಹಿಂದೆ, ನನ್ನ ಹೆಡಕಿನ ಮೇಲೆ ಬೆರಳು ಒತ್ತಿದಳು.

"ಇಲ್ಲಿ ಬೆಳ್ಳಗಾಗೇತಿ."

ತೊನ್ನು ಎಂಬ ಮಾತನ್ನು ಇಬ್ಬರೂ ಆಡಲಿಲ್ಲ, ಆಡಿದರೆ ನಿಜವಾದೀತೆಂಬ ಅಂಜಿಕೆ. "ಅಪ್ಪಗೂ ಹೇಳಬ್ಯಾಡ" ಎಂದಳು ಅವ್ವ. ತೊನ್ನು ಅಂದರೆ ಕನ್ಯೆ ನೋಡಲು ಬರುವವರು ಓಣಿಯನ್ನೇ ಬದಲಿಸುತ್ತಾರೆ.

ಆಗ ನಾನು ರಟ್ಟೀಹಳ್ಳಿ ಹತ್ತಿರದ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿ, ಗುರುತಿಗೆ ಕೆಂಪು ದಾರ ಕಟ್ಟುವುದು. ಜಡೆ ಮೇಲೆತ್ತಿ ಕಟ್ಟಿ, ದಾರದ ದಪ್ಪ ಲಡಿಯನ್ನು ಕೊರಳಿಗೆ ಹಾಕಿಕೊಂಡು ಬಗ್ಗಿದರೆ ಮಧ್ಯಾಹ್ನದವರೆಗೆ ಕತ್ತು ಎತ್ತುವಂತಿಲ್ಲ.

ನಮ್ಮ ಸಾಲಿನಲ್ಲಿ ಒಬ್ಬಾಕೆಯ ಎರಡೂ ಮುಂಗೈ ಬೆಳ್ಳಗಿದ್ದವು. ಆಕೆಯ ನೀರಿನ ಬಾಟಲಿ ಬೇರೆ, ಬುತ್ತಿ ಬಿಚ್ಚುವ ಬೇವಿನ ನೆರಳೂ ಬೇರೆ. ಒಮ್ಮೆ ಆಕೆ ಕೊಟ್ಟ ಶೇಂಗಾ ಚಟ್ನಿಯನ್ನು ನಾನು ಕಾಗೆಗೆ ಹಾಕಿದ್ದೆ. ಆಕೆ ಅದನ್ನು ನೋಡಿದ್ದಳು. ಈಗ ಆ ಬೇವಿನ ಕೆಳಗೆ ನನ್ನನ್ನೂ ಕೂರಿಸುತ್ತಾರೆಂದು ಅಂಜಿದೆ.

ಅವ್ವ ಗ್ರಂಥಿಗೆ ಅಂಗಡಿಯಿಂದ ತೊನ್ನಿನ ಮದ್ದೆಂದು ಬಾವಂಚಿ ಬೀಜ ತಂದು, ಅರೆದು ಹಚ್ಚಿ, ಹಿತ್ತಲಿನ ಬಿಸಿಲಿಗೆ ಕೂರಿಸಿದಳು. ಬಿಸಿಲಿದ್ದರೇ ಮದ್ದು ಹಿಡಿಯುವುದಂತೆ. ಎರಡನೆಯ ದಿನ ಹೆಡಕು ಕೆಂಡವಾಯಿತು, ಮೂರನೆಯ ದಿನ ನೀರುಗುಳ್ಳೆ ಎದ್ದವು. ಹೆದರಿದವರ ಮೇಲೆ ಹಾವು ಎಸೆದಂತಾಯಿತು. ರೋಗ ಹಬ್ಬುತ್ತಿದೆ ಎಂದು ಅವ್ವ ಅಳತೊಡಗಿದಳು. ಅಪ್ಪನಿಗೆ ಸುಳ್ಳು ಹೇಳಿ ಹಿರೇಕೆರೂರಿನ ಬಸ್ಸು ಹತ್ತಿದೆವು.

ಚರ್ಮದ ಡಾಕ್ಟರಮ್ಮ ದೀಪ ಹಿಡಿದು ನೋಡಿ, "ಕೊರಳಿಗೆ ಏನರ ಹಾಕ್ಕೊಳ್ತೀಯೇನವಾ?" ಎಂದು ಕೇಳಿದರು. ದಾರದ ಲಡಿ ಎಂದೆ. ಅವರು ನನ್ನ ಅಂಗಿಯ ತೋಳು ಮೇಲೆ ಸರಿಸಿ ರಟ್ಟೆ ತೋರಿಸಿದರು. "ಇದ ನಿನ್ನ ಬಣ್ಣ. ಬಿಸಲು ಬಿದ್ರ ಚರ್ಮ ತನ್ನ ತಾ ಕಾಯ್ಕೊಳ್ಳಾಕ ಕಪ್ಪು ಬಣ್ಣ ಮಾಡ್ತೈತಿ. ಲಡಿ ಕೂತ ಜಾಗಕ್ಕ ಬಿಸಲು ಹತ್ತಿಲ್ಲ, ಅದು ಹಂಗ ಉಳದೈತಿ. ತೊನ್ನಲ್ಲ. ಈ ಗುಳ್ಳಿ ನಿಮ್ಮ ಮದ್ದಿಂದು."

ಅವ್ವನಿಗೆ ಉಸಿರು ಬಂತು, ಜೊತೆಗೆ ಪ್ರಶ್ನೆಗಳೂ. "ಲಿಂಬಿಹಣ್ಣು ತಿಕ್ಕಿದ್ರ ಕಪ್ಪು ಹೋಗ್ತೈತೇನ್ರಿ?"

"ಅದೇನು ಕೊಳಿ ಏನವ್ವಾ, ತೊಳದ್ರ ಹೋಗಾಕ? ಬಿಸಲು ತಪ್ಪಿಸಿದ್ರ ಕೆಲವು ತಿಂಗಳದಾಗ ತಾನ ಇಳೀತೈತಿ."

"ನಮ್ಮಂಥ ಕಪ್ಪನ್ನವ್ರಿಗೆ ಬಿಸಲು ಏನೂ ಮಾಡೂದಿಲ್ಲ ಅಂತಾರಲ್ರಿ?"

"ನಿಮ್ಮನ್ನೂ ಸುಡ್ತೈತಿ. ತಡಾ ಆಕ್ಕೈತಿ, ಅಷ್ಟ."

ನಾನು ಒಂದೇ ಮಾತು ಕೇಳಿದೆ. "ತೊನ್ನು ಮುಟ್ಟಿದ್ರ ಬರ್ತೈತೇನ್ರಿ? ಅವ್ರು ಕೊಟ್ಟಿದ್ದು ತಿಂದ್ರ?"

"ಇಲ್ಲವಾ. ಹಂಗ ಬರೂದಿಲ್ಲ."

ವಾಪಸು ಬರುವಾಗ ಅವ್ವ ಬಸ್ಸಿನಲ್ಲೇ ನಿದ್ದೆ ಹೋದಳು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಕಾಗೆಗೆ ಹಾಕಿದ ಚಟ್ನಿ ಕಣ್ಣ ಮುಂದಿನಿಂದ ಹೋಗಲಿಲ್ಲ, ನಾಚಿಕೆಯಾಯಿತು.

ಗಾಯ ಒಣಗಿದ ಮೇಲೆ ಹೊಲಕ್ಕೆ ಹೋದೆ. ಹೆಡಕಿನ ಮೇಲೆ ಈಗ ನಿಜವಾದ ಕಲೆ ಕೂತಿತ್ತು, ಇವತ್ತಿಗೂ ಇದೆ. ಬುತ್ತಿಯ ಹೊತ್ತಿಗೆ ಎಲ್ಲರೂ ನೋಡುತ್ತಿದ್ದಂತೆ ಬೇವಿನ ಕಡೆ ನಡೆದೆ. ಆಕೆಯ ಪಕ್ಕ ಕೂತೆ. ಆಕೆ ನನ್ನ ಓಢಣಿ ಸರಿಸಿ ನೋಡಿದಳು.

"ಬಾವಂಚಿ ಹಚ್ಚಿದ್ರೇನ?" ಎಂದಳು. "ನನಗೂ ಹಚ್ಚಿದ್ರು. ನಿನಕಿಂತ ಸಣ್ಣಾಕಿ ಇದ್ದೆ. ಭಾಳ ಉರೀತೈತಲಾ?"

ಆಕೆಯ ಡಬ್ಬಿಯಲ್ಲಿ ಅದೇ ಶೇಂಗಾ ಚಟ್ನಿ ಇತ್ತು. ಕೈ ಚಾಚಿದೆ.

ಆಕೆ ಗಾಬರಿಯಾಗಿ ಸಾಲಿನ ಕಡೆ ನೋಡಿ, ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡವಾ" ಎಂದಳು. "ಮಂದಿ ನೋಡಾಕತ್ತಾರ. ನಿನ್ನ ಲಗ್ನ ಆಗೂದೈತಿ."