ಹಾರದೆ ಕೂತ ಹಕ್ಕಿಗಳು

ಟಾರ್ಕೂ ಡೌನ್ಸ್ ಎಂಬ ದನಗಾವಲಿನ ಮಾರ್ನಿ ಹಿಸ್ಲಾಪ್ ಎಂದರೆ ಆ ಮರಳುಸೀಮೆಯ ಶಾಲಾಮಕ್ಕಳಿಗೆಲ್ಲ ‘ಬಾಲದ ಮಾರ್ನಿ’. ಹದಿಹರೆಯದ ವಿದ್ಯಾರ್ಥಿಗಳಿಗೆಂದು ಪ್ರತಿ ಬೇಸಗೆ ನಡೆಯುವ ನಿಸರ್ಗ ಛಾಯಾಚಿತ್ರ ಸ್ಪರ್ಧೆಗೆ ಅವಳು ತಪ್ಪದೆ ಚಿತ್ರ ಕಳಿಸುತ್ತಿದ್ದಳು. ಎಲ್ಲದರಲ್ಲೂ ಯಾವುದೋ ಹಕ್ಕಿಯ ಬಾಲ, ಇಲ್ಲವೇ ಓಡಿಹೋಗುತ್ತಿರುವ ಕಾಂಗರೂವಿನ ಬೆನ್ನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹುಡುಗಿ ಅವಳು. ಕ್ಯಾಮೆರಾ ಎತ್ತುವಷ್ಟರಲ್ಲಿ ಎದುರಿಗಿದ್ದ ಜೀವ ಮಾಯವಾಗಿರುತ್ತಿತ್ತು. ಪಟ್ಟಣದಿಂದ ಕಂಪ್ಯೂಟರಿನಲ್ಲೇ ಪಾಠ ಹೇಳುತ್ತಿದ್ದ ಪ್ರಿಸ್ಕಾಟ್ ಮೇಡಂ, ಬಾಲಶಾಸ್ತ್ರದಲ್ಲಿ ನೀನೇ ಪಂಡಿತೆ ಎಂದು ನಗುತ್ತಿದ್ದರು.

ಅವಳನ್ನು ಎಲ್ಲರಿಗಿಂತ ಹೆಚ್ಚು ರೇಗಿಸುತ್ತಿದ್ದವನು ನೆವಿಲ್. ಬೇಲಿ ಹಾಕುವ ಕೆಲಸದವನು. ಮನೆಯಿಂದ ದೂರ, ದನಗಳ ನೀರಿನ ತೊಟ್ಟಿಗೆ ಹೋಗುವ ದಾರಿಯಲ್ಲಿ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆಯೊಂದನ್ನು ನಿಲ್ಲಿಸಿಕೊಂಡು ಒಬ್ಬನೇ ಇರುತ್ತಿದ್ದ. ಅವಳ ಪಿಕಪ್ಪಿನ ಧೂಳು ಕಂಡರೆ ಸಾಕು, ಕೈಯೆತ್ತಿ ನಿಲ್ಲಿಸುತ್ತಿದ್ದ.

“ಏನಮ್ಮ, ಹಕ್ಕಿಗೆ ಮುಖ ಅಂತ ಒಂದಿರತ್ತೆ, ಗೊತ್ತಾ ನಿಂಗೆ?”

“ನಿನ್ನ ಮುಖ ನೋಡೇ ಅವು ತಿರುಗಿ ಕೂತ್ಕೊಳ್ಳೋದು, ನೆವ್.”

ಅಲ್ಲಿ ಕ್ರಿಸ್‌ಮಸ್ ಬರುವುದು ನಡುಬೇಸಗೆಯಲ್ಲಿ. ಆ ವರ್ಷ ಅದು ಮುಗಿದದ್ದೇ ತಡ, ಗಾಳಿ ನಿಂತುಹೋಯಿತು. ನೀರೆತ್ತುವ ಗಾಳಿಯಂತ್ರದ ರೆಕ್ಕೆಗಳು ಅಲುಗಾಡಲಿಲ್ಲ. ಮಧ್ಯಾಹ್ನ ಕದದ ಹಿಡಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಇಂಥ ಸೆಕೆ ಬಂದು ಹೋಗುವುದು ಅಲ್ಲಿಯವರಿಗೆ ಹೊಸದಲ್ಲ. ಆದರೆ ಈ ಸಲ ಬಂದದ್ದು ಹೋಗಲೇ ಇಲ್ಲ. ನಾಯಿಗಳು ಬೊಗಳುವುದನ್ನು ಬಿಟ್ಟವು.

ಸ್ಪರ್ಧೆಯ ಗಡುವು ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಮಾರ್ನಿ, ಅಮ್ಮ ಗ್ವೆನ್ ಬೇಡವೆಂದರೂ ಕೇಳದೆ, ತೊಟ್ಟಿಯತ್ತ ಹೊರಟಳು. ನೆವಿಲ್ ತನ್ನ ಚಕ್ರದ ಮನೆಯ ನೆರಳಿನಲ್ಲಿ ಗಾಲಿಗೆ ಒರಗಿ ಕೂತಿದ್ದ. ಅವಳು ಹಾರ್ನ್ ಹೊಡೆದಳು. ಅವನು ಕೈಯೆತ್ತಲಿಲ್ಲ. ನಿದ್ದೆ ಇರಬೇಕು ಅಂದುಕೊಂಡು ಮುಂದೆ ಹೋದಳು.

ತೊಟ್ಟಿಯ ತಳದಲ್ಲಿ ಬಗ್ಗಡ ಮಾತ್ರ ಉಳಿದಿತ್ತು. ಪಕ್ಕದ ತಗಡಿನ ಟ್ಯಾಂಕಿನ ಸಣ್ಣ ನೆರಳಿನಲ್ಲಿ ಕೆಂಪು ಕೊಕ್ಕಿನ ಪುಟ್ಟ ರಾಟವಾಳ ಹಕ್ಕಿಗಳು, ಹಸಿರು ಪುಟಾಣಿ ಗಿಳಿಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಮಾರ್ನಿ ಉಸಿರು ಬಿಗಿಹಿಡಿದು ಹೆಜ್ಜೆಯಿಟ್ಟಳು. ಒಂದೂ ಹಾರಲಿಲ್ಲ. ಇನ್ನೂ ಹತ್ತಿರ ಹೋಗಿ ಮಂಡಿಯೂರಿದಳು. ಒಂದು ರಾಟವಾಳ ಕುಪ್ಪಳಿಸಿ ಬಂದು ಅವಳ ಬೂಟಿನ ನೆರಳಿನಲ್ಲಿ ಕೂತಿತು. ಆ ಗುಂಪಿನ ನಡುವೆಯೇ ಒಂದು ಗಿಡುಗ ಕೊಕ್ಕು ತೆರೆದುಕೊಂಡು ಕೂತಿತ್ತು. ಅದಕ್ಕೆ ಗುಬ್ಬಿಯಷ್ಟಿದ್ದ ಹಕ್ಕಿಗಳು ಬೇಕಿರಲಿಲ್ಲ. ಅವಕ್ಕೆ ಅದರ ಭಯವೂ ಇರಲಿಲ್ಲ.

ಸಂತೋಷದಿಂದ ಅವಳು ಚಿತ್ರದ ಮೇಲೆ ಚಿತ್ರ ತೆಗೆದಳು. ಹಿಂತಿರುಗುವಾಗ ನೆವಿಲ್‌ನ ಬಳಿ ಗಾಡಿ ನಿಧಾನ ಮಾಡಿ, ಇವತ್ತು ಮುಖ ಸಿಕ್ಕಿತು ಎಂದು ಕೂಗಿ ಹೇಳಿದಳು. ಅವನು ಅವಳತ್ತ ನೋಡಿದ, ಮಾತಾಡಲಿಲ್ಲ. ಸೋತಿದ್ದಕ್ಕೆ ಮುನಿಸು ಎಂದು ನಗುತ್ತಾ ಮನೆಗೆ ಬಂದಳು.

ಅಡುಗೆಮನೆಯ ಮೇಜಿನ ಮೇಲೆ ತಾತ ಕ್ಲೆಮ್‌ಗೆ ಚಿತ್ರಗಳನ್ನು ತೋರಿಸಿದಳು. ಗಿಡುಗದ ಚಿತ್ರ ಬಂದಾಗ ತಾತ ಚಹಾದ ಲೋಟ ಕೆಳಗಿಟ್ಟ. ಬಹಳ ಹೊತ್ತು ನೋಡಿದ.

“ನೀನು ಹೋದಾಗ ಇವು ಏಳಲೇ ಇಲ್ವಾ?”

“ಇಲ್ಲ ತಾತ. ಅದೇ ಮಜಾ.”

“ದಾರೀಲಿ ನೆವಿಲ್ ಇದ್ನಾ?”

“ಇದ್ದ. ನೆರಳಲ್ಲಿ ಕೂತಿದ್ದ. ಕೈನೂ ಎತ್ತಲಿಲ್ಲ, ಮಾತೂ…”

ಹೇಳುತ್ತಾ ಹೇಳುತ್ತಾ ಅವಳ ದನಿ ತಗ್ಗಿತು. ತಾತ ಆಗಲೇ ಎದ್ದಿದ್ದ. ಗ್ವೆನ್ ವೈರ್‌ಲೆಸ್ ರೇಡಿಯೋದಲ್ಲಿ ನೆವಿಲ್‌ನನ್ನು ಕರೆದಳು, ಮತ್ತೆ ಕರೆದಳು. ಬರೀ ಗೊರಗೊರ ಸದ್ದು.

ಅವರು ಹೋದಾಗ ಅವನು ಅದೇ ಗಾಲಿಗೆ ಒರಗಿದ್ದ. ನೆರಳು ಅವನನ್ನು ಬಿಟ್ಟು ಸರಿದಿತ್ತು. ತೊಡೆಯ ಮೇಲೆ, ಟೋಪಿಯ ಅಂಚಿನ ಕೆಳಗೆ ರಾಟವಾಳಗಳು ಕೂತಿದ್ದವು. ತಾತ ಅವನ್ನು ಕೈಯಿಂದ ಎತ್ತಿ ಕೆಳಗಿಡಬೇಕಾಯಿತು. ಚಕ್ರದ ಮನೆಯ ನಲ್ಲಿ ಸೋರಿ ಕುಡಿಯುವ ನೀರೆಲ್ಲ ಹೋಗಿತ್ತು. ಅವನ ಪಿಕಪ್ಪಿನ ಬ್ಯಾಟರಿ ಸತ್ತಿತ್ತು, ಅದರ ಜೊತೆಗೆ ರೇಡಿಯೋ ಕೂಡ. ಗಾಡಿ ಕೆಟ್ಟರೆ ಬಿಟ್ಟು ನಡೆಯಬಾರದೆಂದು ಅಲ್ಲಿ ಮಕ್ಕಳಿಗೂ ಕಲಿಸುತ್ತಾರೆ. ಅವನು ಹಾಗೆಯೇ ಕಾದಿದ್ದ. ಚರ್ಮ ಒಣಗಿ ಬೆಂಕಿಯಾಗಿತ್ತು, ಬೆವರಿನ ಹನಿಯಿರಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಮನೆಗೆ ತಂದರು. ಸಂಜೆಯೊಳಗೆ ಡಾಕ್ಟರ ವಿಮಾನ ಬಂತು.

ನೆವಿಲ್ ಬದುಕಿದ. ಆದರೆ ಮೊದಲಿನ ನೆವಿಲ್ ಹಿಂತಿರುಗಲಿಲ್ಲ. ಮಾತಿನ ನಡುವೆ ಮಾತು ಮರೆಯುತ್ತಿತ್ತು, ಕೈಗೆ ಸುತ್ತಿಗೆ ನಿಲ್ಲುತ್ತಿರಲಿಲ್ಲ. ದೂರದ ಅಡಿಲೇಡ್ ನಗರದಲ್ಲಿ ಅಕ್ಕನ ಮನೆ ಸೇರಿದ. ಮಾರ್ನಿ ನೋಡಲು ಹೋದಾಗ ಯಾರೋ ಹೊಸಬಳು ಎಂಬಂತೆ ಎದ್ದು ನಿಂತು ಕುರ್ಚಿ ಕೊಟ್ಟ.

ತೊಟ್ಟಿಯ ಬಳಿ ಸತ್ತುಬಿದ್ದ ಹಕ್ಕಿಗಳನ್ನು ವಿಮಾನ ಬಂದ ಮಾರನೆಯ ದಿನವೇ ಗ್ವೆನ್ ಸಲಿಕೆಯಿಂದ ತೆಗೆದಿದ್ದಳು.

ಗಿಡುಗದ ಆ ಚಿತ್ರ ಅಳಿಸಿಬಿಡು ಎಂದಳು ಅಮ್ಮ. ಕಳಿಸು, ಜನ ನೋಡಲಿ ಎಂದ ತಾತ. ಮಾರ್ನಿ ಕಳಿಸಿದಳು, ಅದಕ್ಕೇ ಮೊದಲ ಬಹುಮಾನ ಬಂತು. ಪಟ್ಟಣದ ಸಭಾಂಗಣದಲ್ಲಿ ಚಿತ್ರವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. ನಗರದಿಂದ ಬಂದಿದ್ದ ತೀರ್ಪುಗಾರರು, ಈ ಹುಡುಗಿ ತಾಳ್ಮೆಯಿಂದ ಕಾಡುಜೀವಿಗಳ ನಂಬಿಕೆ ಗಳಿಸಿದ್ದಾಳೆ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕು ಅವಳ ಕೈಗೆ ಬಂತು.

“ನಂಬಿಕೆ ಅಲ್ಲ ಸಾರ್,” ಅಂದಳು. “ಅವಕ್ಕೆ ಏಳೋಕೆ ಆಗ್ತಿರಲಿಲ್ಲ. ಅಲ್ಲೇ ದಾರೀಲಿ ಒಬ್ಬ ಮನುಷ್ಯಂಗೂ ಆಗ್ತಿರಲಿಲ್ಲ. ನಾನು ಹಕ್ಕಿಗಳನ್ನೂ ಅವನನ್ನೂ ನೋಡಿನೂ ಖುಷಿಯಾಗಿ ಮನೆಗೆ ಹೋದೆ.”

ಕೊನೆಗೆ ಸಭೆಯಲ್ಲಿ ಯಾರೋ ಎದ್ದು ಚಹಾ ಸಿದ್ಧವಾಗಿದೆ ಎಂದರು.

ಗೆದ್ದವರು ಮರುವರ್ಷ ಸ್ಪರ್ಧಿಸುವಂತಿರಲಿಲ್ಲ. ಹಾಗಾಗಿ ಸ್ಪರ್ಧೆಗೆ ಬಂದ ಚಿತ್ರಗಳನ್ನು ವಿಂಗಡಿಸಲು ಪ್ರಿಸ್ಕಾಟ್ ಮೇಡಂ ಅವಳನ್ನು ಪಟ್ಟಣಕ್ಕೆ ಕರೆಸಿಕೊಂಡರು. ಆ ಬೇಸಗೆ ಇನ್ನೂ ಬೇಗ ಬಂದಿತ್ತು. ಮಾರ್ನಿ ಒಂದೊಂದೇ ಚಿತ್ರ ತೆರೆದಳು. ಕಣ್ಣಲ್ಲಿ ಕಣ್ಣಿಟ್ಟು ನೋಡುವ ಎಮು. ಯಾರದೋ ಮಡಿಲಲ್ಲಿ ಗುಲಾಬಿ ಎದೆಯ ಕಾಕಟೂ ಗಿಳಿ. ಜಗಲಿಯ ಮೆಟ್ಟಿಲ ಮೇಲೆ ಬೆಕ್ಕಿನ ಪಕ್ಕದಲ್ಲೇ ಕೂತ ಗಿಳಿಗಳು. ಈ ಸಲ ಒಂದೂ ಓಡಲಿಲ್ಲ ಎಂದು ಒಬ್ಬ ಹುಡುಗ ಹೆಮ್ಮೆಯಿಂದ ಕೆಳಗೆ ಬರೆದಿದ್ದ. ಚಿತ್ರಗಳು ಒಂದು ಕಡೆಯಿಂದಲ್ಲ, ಸೀಮೆಯ ಮೂಲೆಮೂಲೆಯಿಂದ ಬಂದಿದ್ದವು.

“ಮಕ್ಕಳು ಎಷ್ಟು ಚೆನ್ನಾಗಿ ಕಲ್ತಿದಾರೆ ನೋಡು,” ಅಂದರು ಮೇಡಂ.

ಮಾರ್ನಿ ಚಿತ್ರ ಕಳಿಸಿದವರ ನಂಬರುಗಳ ಪಟ್ಟಿ ತೆಗೆದು ಫೋನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಎತ್ತಿದಳು.

“ನಿಮ್ಮಲ್ಲಿ ಹೊರಗೆ ಒಬ್ರೇ ಯಾರಾದ್ರೂ ಕೆಲಸ ಮಾಡ್ತಿದಾರಾ? ಹೋಗಿ ನೋಡ್ಕೊಂಡು ಬನ್ನಿ. ಈಗಲೇ ಹೋಗಿ.”

ಎರಡನೆಯ ಮನೆಯವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಮೂರನೆಯ ಮನೆಯಲ್ಲಿ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಮಾರ್ನಿ ಅವರ ನೆರೆಯವರ ನಂಬರು ಹುಡುಕತೊಡಗಿದಳು.