ಪಕ್ಕದ ಸೀಟಿನ ಸಿಸ್ಟರಕ್ಕ

ಬೆಳಗಿನ ಐದೂವರೆ. ಅಂಗಳದಲ್ಲಿ ನಿಂತ ಹಳೇ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು ಸಿಸ್ಟರಕ್ಕ ಬೀನ್ಸ್ ನಾರು ಬಿಡಿಸುತ್ತಿದ್ದಾರೆ. ಸ್ಟೇರಿಂಗ್ ಹಿಡಿದಿರುವವನು ಯುದ್ಧಪೀಡಿತರ ಪರಿಹಾರ ತಂಡದ ಡ್ರೈವರ್. ಎಂಟು ತಿಂಗಳ ಹಿಂದೆ ಅವನು ಔಷಧಿ ಒಯ್ಯುತ್ತಿದ್ದಾಗ ಗಾಡಿಯ ಮಗ್ಗುಲಲ್ಲೇ ಬಾಂಬು ಸಿಡಿಯಿತು. ಪಕ್ಕದಲ್ಲಿದ್ದ ಗೆಳೆಯ ಉಳಿಯಲಿಲ್ಲ. ಇವನ ಮುರಿದ ಕಾಲಿನ ಮೂಳೆ ಕೂಡಿಕೊಂಡಿದೆ. ಕೀಲಿ ಮುಟ್ಟಿದ ಕೈ ಮಾತ್ರ ಅದನ್ನು ತಿರುಗಿಸದೆ ಹಿಂದೆ ಬರುತ್ತದೆ. ಸೋಮವಾರ ಕೆಲಸಕ್ಕೆ ಮರಳದಿದ್ದರೆ ಡ್ರೈವರ್ ಕೆಲಸ ಮರೆತುಬಿಡಬೇಕು.

"ಇವತ್ತೂ ಆಗಲ್ಲ ಅಕ್ಕಾ."

"ಆಗದಿದ್ರೆ ಬಿಡು. ನಂದಿನ್ನೂ ಅರ್ಧ ಬುಟ್ಟಿ ಇದೆ, ಕೂತಿರು."

ಚಕ್ರ ಉರುಳದ ಈ ಸವಾರಿಗೆ ಇಂದು ನಲವತ್ತನೇ ದಿನ.

ಜನರನ್ನು ಉಳಿಸಲು ಹೋಗಿ ತಾವೇ ಗಾಯಗೊಂಡವರು, ದಿಗಿಲುಬಿದ್ದವರು ಚೇತರಿಸಿಕೊಳ್ಳುವ ಎಂಟು ಮಂಚಗಳ ಮನೆ ಇದು. ಹನ್ನೊಂದು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಬಂದುಹೋಗಿದ್ದಾರೆ. ವೈದ್ಯರು ಬರುವುದು ವಾರಕ್ಕೆರಡು ಸಲ. ಉಳಿದದ್ದೆಲ್ಲ ಅಕ್ಕನ ಪಾಲು. ಅವರೂ ಒಂದು ಕಾಲದಲ್ಲಿ ಪರಿಹಾರ ಶಿಬಿರದ ನರ್ಸ್. ಗೋಡೆ ಕುಸಿದು ಎಡಗೈಯ ಎರಡು ಬೆರಳು ಹೋಗಿವೆ.

"ನೋಡೋಕೆ ಬಂದೋರೆಲ್ಲ ಕೈ ನೋಡಿದ್ರು. ನಿದ್ದೆ ಬರುತ್ತಾ ಅಂತ ಒಬ್ಬರೂ ಕೇಳ್ಲಿಲ್ಲ," ಎನ್ನುತ್ತಾರೆ.

ಈ ಮನೆ ತೆರೆದ ಮೊದಲ ವರ್ಷ ಅವರೂ ಎಡವಿದ್ದಾರೆ. "ಭಾರೀ ಜಾಣತನ ಮಾಡಿ ಇವರಿಗೆಲ್ಲ ಸನ್ಮಾನ ಇಟ್ಕೊಂಡೆ. ಜನ ಒಟ್ಟಿಗೆ ಚಪ್ಪಾಳೆ ಹೊಡೆದ್ರು ನೋಡಿ, ಸನ್ಮಾನಿತರು ಆರೂ ಜನ ಮೇಜಿನ ಕೆಳಗೆ!" ನಗುತ್ತಲೇ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಈಗ ಇಲ್ಲಿ ಬಾಗಿಲು ಬಡಿಯದಂತೆ ಅಂಚಿಗೆಲ್ಲ ಬಟ್ಟೆ ಸುತ್ತಿದೆ. ಏನಾಯಿತೆಂದು ಯಾರೂ ಕೆದಕುವುದಿಲ್ಲ. ಯಾರು ಯಾವುದಕ್ಕೆ ಹೆದರುತ್ತಾರೋ ಅದರ ಹತ್ತಿರ ಅವರ ಜೊತೆ ಅಕ್ಕ ಸುಮ್ಮನೆ ಕೂರುತ್ತಾರೆ, ತರಕಾರಿ ಬಿಡಿಸುತ್ತಾ. "ಇವಳ ಚಿಕಿತ್ಸೆ ದೆಸೆಯಿಂದ ದಿನಾ ಬೀನ್ಸ್ ತಿಂದು ನಾನು ಸೊರಗಿದೀನಿ," ಎಂದು ಗಂಡನ ಗೊಣಗಾಟ. ಆಳು ನೋಡಿದರೆ ಹಾಗೇನೂ ಕಾಣುವುದಿಲ್ಲ.

ಡ್ರೈವರ್ ಇದ್ದಕ್ಕಿದ್ದಂತೆ ಅಕ್ಕನತ್ತ ತಿರುಗುತ್ತಾನೆ. "ನೀವು ಇಳೀರಿ ಅಕ್ಕಾ. ಒಬ್ಬನೇ ಆದ್ರೆ ಹೊರಡಿಸ್ತೀನಿ. ನಿಮಗೇನಾದ್ರೂ ಆದ್ರೆ?"

ನಲವತ್ತು ದಿನದಲ್ಲಿ ಈ ಮಾತು ಇದೇ ಮೊದಲು. ಅಕ್ಕ ಬುಟ್ಟಿ ಕೆಳಗಿಟ್ಟು ಬೆಲ್ಟ್ ಹಾಕಿಕೊಳ್ಳುತ್ತಾರೆ. "ನಾನು ಇಳಿಯಲ್ಲ. ನಡಿ."

ಈ ಮನೆಯ ಬಗ್ಗೆ ಬರೆಯಲು ಬಂದ ನಾನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹುಡುಕುತ್ತಿದ್ದೇನೆ. ಕೀಲಿ ತಿರುಗುತ್ತದೆ. ವ್ಯಾನು ಗೇಟು ದಾಟಿ, ಬೀದಿಯ ಕೊನೆಯ ಹಾಲಿನಂಗಡಿ ಸುತ್ತಿ, ಮತ್ತೆ ಅಂಗಳಕ್ಕೆ ಬಂದು ನಿಲ್ಲುತ್ತದೆ. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಇಳಿಯುತ್ತೇನೆ. ಡ್ರೈವರ್ ಸ್ಟೇರಿಂಗಿಗೆ ಹಣೆಯಿಟ್ಟು ಅಳುತ್ತಿದ್ದಾನೆ, ನಗುತ್ತಲೂ ಇದ್ದಾನೆ.

ಸೋಮವಾರ ಅವನು ಹೋಗುತ್ತಾನೆ. ನಿಮಗೆ ಹೆಮ್ಮೆಯಲ್ಲವೇ ಎಂದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ನಂದೇನಿದೆ? ಪಕ್ಕದಲ್ಲಿ ಕೂತೋಳು ಜೀವಂತವಾಗಿ ಮನೆಗೆ ವಾಪಸ್ ಬಂದ್ಲು ಅನ್ನೋದನ್ನ ಅವನು ಕಣ್ಣಾರೆ ನೋಡ್ದ. ಅಷ್ಟು ಸಾಕು."