ಕೆಳಮನೆಯವರು ವಿಲ್ಲಿಂಗಾ?

ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ವರ್ಷ ಸಾರಿನ ಪಾತ್ರೆಗೂ ಭೌತಶಾಸ್ತ್ರದ ಪುಸ್ತಕಕ್ಕೂ ಜಾಗದ ತಕರಾರು ನಡೆದಿತ್ತು. ದಿಲ್ಲಿಯ ನಮ್ಮ ರೋಹಿಣಿ ಬಡಾವಣೆಗೆ ಮೆಟ್ರೋ ರೈಲು ಹೊಸದಾಗಿ ಬಂದಿದ್ದ ಕಾಲ. ಮಗಳು ಪಲ್ಲವಿ ಹನ್ನೆರಡನೆಯ ಕ್ಲಾಸಿನಲ್ಲಿದ್ದಳು. ಇದ್ದ ಎರಡು ಕೋಣೆಗಳಲ್ಲಿ ಒಂದು ನಾವು ಗಂಡ-ಹೆಂಡಿರದು, ಇನ್ನೊಂದು ನನ್ನ ತಾಯಿ ಮತ್ತು ಅವರ ಟೀವಿಯದು. ಅಮ್ಮನಿಗೆ ಕಿವಿ ಮಂದವಾದ್ದರಿಂದ ಧಾರಾವಾಹಿಯ ಅತ್ತೆಸೊಸೆಯರು ಇಡೀ ಬ್ಲಾಕಿಗೆ ಕೇಳುವಂತೆ ಜಗಳವಾಡುತ್ತಿದ್ದರು. “ಪಪ್ಪಾ, ಇಲ್ಲಿ ಓದಿದ್ರೆ ನಾನು ಪಕ್ಕಾ ಫೇಲ್, ಸಚ್ಚೀ!” ಎಂದು ಹುಡುಗಿ ಕಣ್ಣೊರೆಸಿಕೊಂಡ ಸಂಜೆಯೇ, ಮನೆಯ ಹಿಂಬದಿಗೆ ಅವಳಿಗೊಂದು ಕೋಣೆ ಕಟ್ಟಿಸಿಬಿಡುವುದೆಂದು ನಾನು ನಿಶ್ಚಯಿಸಿದೆ.

ದಿಲ್ಲಿಯ ಈ ಮೂರಂತಸ್ತಿನ ಫ್ಲ್ಯಾಟುಗಳ ಧರ್ಮ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ. ಮೇಲಿನವನು ಕೋಣೆ ಬೆಳೆಸಬೇಕಾದರೆ ಕಂಬ ನೆಲದಿಂದಲೇ ಏಳಬೇಕು, ನೆಲ ಕೆಳಮನೆಯವರದು. ಮೂರು ಮನೆಯವರೂ ಒಟ್ಟಾಗಿ ಕಟ್ಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ತುತ್ತತುದಿಯ ಮಹಡಿಯವನು. ಕಟ್ಟಡದ ಠೇಕೇದಾರ ಬಂದವನೇ ಅಳತೆಪಟ್ಟಿಯನ್ನೂ ಬಿಚ್ಚದೆ ಕೇಳಿದ್ದು ಒಂದೇ ಮಾತು: “ಭಾಯ್‌ಸಾಬ್, ನೀಚೇವಾಲೇ ವಿಲ್ಲಿಂಗ್ ಹೈಂ?”

ವಿಲ್ಲಿಂಗ್! ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ ಈ ಮಾತನ್ನು. ನನ್ನ ಹೆಂಡತಿ ಸರಳಾಳ ಸರ್ಕಾರಿ ಕಚೇರಿಯಲ್ಲಿ ಶಿಲ್ಲಾಂಗಿಗೆ ವರ್ಗವಾಗಲು ಯಾರು ವಿಲ್ಲಿಂಗ್ ಎಂದು ಕೇಳುತ್ತಾರೆ, ಯಾರೂ ಕೈ ಎತ್ತದಿದ್ದರೆ ಅತಿ ಕಿರಿಯರನ್ನು ವಿಲ್ಲಿಂಗ್ ಮಾಡುತ್ತಾರೆ. ನಮ್ಮ ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಲೇ “ಹುಡುಗನ ಕಡೆಯವರು ವಿಲ್ಲಿಂಗಂತೆ ಕಣ್ರೀ” ಎನ್ನುತ್ತಾರೆ. ಹಿಂದಿಯವರಿಗೆ ಇದು ‘ರಾಜಿ’. ನಮಗೋ ರಾಜಿಯೆಂದರೆ ಜಗಳದ ಕೊನೆಯಲ್ಲಿ ಇಬ್ಬರೂ ಅರೆಹೊಟ್ಟೆಯಲ್ಲಿ ಏಳುವ ಊಟ. ನನ್ನ ಮಟ್ಟಿಗೆ ವಿಲ್ಲಿಂಗ್ ಎಂದರೆ ಸರಿಯಾದ ಬೆಲೆ ಸಿಕ್ಕ ಮನುಷ್ಯ, ಅಷ್ಟೆ. ಬರಿಗೈಯಲ್ಲಿ ಬಂದು, ಮಾನೇಸರದ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಸರಬರಾಜು ಮಾಡುವ ಮಟ್ಟಕ್ಕೆ ಏರಿದವನು ನಾನು. ‘ಆಗಲ್ಲ’ ಎಂದವರನ್ನೆಲ್ಲ ‘ಆಗಲಿ’ ಎನ್ನಿಸಿಯೇ ಅನ್ನ ತಿಂದವನು. ನಿಮಗೂ ಒಂದು ಬುದ್ಧಿಮಾತು: ಕೊಳ್ಳುವಾಗ ಕಣ್ಣಿನಲ್ಲಿ ಆಸೆ ಕಾಣಿಸಕೂಡದು, ಹೂಕೋಸಾದರೂ ಸರಿ, ಹೊಲವಾದರೂ ಸರಿ.

ನಡುಮಹಡಿಯ ಗುಪ್ತಾಜಿ ಒಂದೇ ಲೋಟ ಚಹಾಕ್ಕೆ ಒಪ್ಪಿದರು. ಉಳಿದವರು ಕೆಳಮನೆಯ ಮಾತಾಜಿ, ಒಂಟಿಯಾಗಿದ್ದ ಪಂಜಾಬಿ ವಿಧವೆ. ಮನೆಯ ಹಿಂದೆ ಅವರಿಗೊಂದು ಪುಟ್ಟ ಅಂಗಳ. ನಮ್ಮ ಕಂಬಗಳು ಏಳಬೇಕಾದದ್ದು ಅಲ್ಲೇ. ಕೇಳಿದಾಗಲೆಲ್ಲ “ದೇಖೇಂಗೇ ಬೇಟಾ” ಎನ್ನುತ್ತಿದ್ದರು. ನಮ್ಮ ವ್ಯಾಪಾರದಲ್ಲಿ ‘ನೋಡೋಣ’ ಎಂದರೆ ‘ಇನ್ನಷ್ಟು ಏರಿಸು’ ಎಂದರ್ಥ. ಏರಿಸಿದೆ. ಅವರ ಪಾಲಿನ ಖರ್ಚು ನನ್ನದೆಂದೆ. ನೆಲಕ್ಕೆ ಅಮೃತಶಿಲೆ ಎಂದೆ. ಕಿಟಕಿಗೆ ಹೊಸ ಜಾಲರಿ ಎಂದೆ. ಪ್ರತಿಸಲವೂ ಶುಂಠಿ ಚಹಾ, ಕುರುಕಲು ಮಠ್ಠಿ, ಮತ್ತೆ ಅದೇ ದೇಖೇಂಗೇ. ದೀಪಾವಳಿ ಕಳೆಯಿತು, ಪರೀಕ್ಷೆ ಹತ್ತಿರವಾಯಿತು, ಮಗಳು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸೂತ್ರ ಬಾಯಿಪಾಠ ಮಾಡತೊಡಗಿದಳು.

“ರೀ, ಅವರಿಗೆ ಏನೇನು ಕೊಡ್ತೀರಿ ಅಂತ ಹೇಳಿದ್ದೇ ಹೇಳಿದ್ದು,” ಎಂದಳು ಸರಳಾ ಒಂದು ಭಾನುವಾರ. “ಅವರಿಂದ ಏನು ತಗೊಳ್ತಿದೀವಿ ಅಂತ ಒಂದ್ಸಲನಾದ್ರೂ ಕೇಳಿದ್ರಾ?”

“ತಗೊಳ್ಳೋದೇನು? ಖಾಲಿ ಅಂಗಳ.”

“ಚಲೋ, ನಾನೇ ಕೇಳ್ತೀನಿ. ನೀವು ಬಾಯಿ ಬಿಡಬೇಡಿ.”

ಡಿಸೆಂಬರಿನ ನಡುಹಗಲು. ಮಾತಾಜಿ ಅಂಗಳದಲ್ಲಿ ಚಾರ್ಪಾಯಿ ಎಂಬ ಹಗ್ಗದ ಮಂಚದ ಮೇಲೆ, ಸಲ್ವಾರನ್ನು ಮೊಣಕಾಲವರೆಗೆ ಸರಿಸಿ, ಬಿಸಿಲಿಗೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದರು. ಸರಳಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಎತ್ತಿಕೊಂಡಳು. ಅರ್ಧ ಬೋಗುಣಿ ತುಂಬುವ ತನಕ ಕೋಣೆಯ ಸುದ್ದಿಯೇ ಇಲ್ಲ. ಆಮೇಲೆ, “ಮಾತಾಜಿ, ಇಲ್ಲಿ ಕೋಣೆ ಎದ್ದರೆ ನಿಮಗೇನು ಕಷ್ಟ?” ಎಂದಳು.

ಮುದುಕಿಯ ಕೈ ನಿಂತಿತು. “ಬೇಟೀ, ಚಳಿಗಾಲದಲ್ಲಿ ಈ ಮೊಣಕಾಲುಗಳಿಗೆ ಇರುವುದು ಇಷ್ಟು ಬಿಸಿಲು. ಒಳಗೆ ಒಂದು ಚೂರೂ ಬರೋಲ್ಲ. ಆದರೆ ನಿನ್ನ ಗಂಡ ಬಂದಾಗಲೆಲ್ಲ ಮಗುವಿನ ಓದು, ಮಗುವಿನ ಓದು ಅಂತಾನೆ. ಮಗುವಿನ ಓದಿಗೆ ಇಲ್ಲ ಅನ್ನೋದು ಹೇಗೆ ಹೇಳು?”

ನೋಡಿ, ಸರಕಿನ ಬೆಲೆ ಗೊತ್ತಿಲ್ಲದೆ ತಿಂಗಳುಗಟ್ಟಲೆ ಚೌಕಾಸಿ ಮಾಡಿದ ಭೂಪ ನಾನೊಬ್ಬನೇ ಇರಬೇಕು. ಒಪ್ಪಿಗೆಯನ್ನು ಹಿಂಡಿ ತೆಗೆಯಬಹುದು, ಕಬ್ಬಿನಿಂದ ರಸ ತೆಗೆದಂತೆ. ಮನಸ್ಸು ಮಾತ್ರ ತಾನಾಗಿ ಬರಬೇಕು, ಸೀತಾಫಲ ತಾನಾಗಿ ಬಿರಿದಂತೆ. ಇಂಗ್ಲಿಷಿನ ಆ ಪದ ಕೇಳುತ್ತಿದ್ದುದು ಮನಸ್ಸನ್ನು, ನಾನು ಲೆಕ್ಕ ಹಾಕುತ್ತಿದ್ದುದು ಒಪ್ಪಿಗೆಯನ್ನು.

“ಹಾಗಾದರೆ ಬೇಡ ಬಿಡಿ, ಮಾತಾಜಿ,” ಎಂದೆ, ಹೆಂಡತಿಯ ಆಜ್ಞೆಯನ್ನು ಮೀರಿ. ಅಂದೊಡನೆ ಸೋತೆನೆಂಬ ಉರಿಯ ಬದಲು, ಬಿಗಿ ಬೂಟು ಕಳಚಿದಾಗ ಪಾದಕ್ಕೆ ಆಗುವಂತೆ ಹಾಯೆನಿಸಿತು. ಅವರ ಮುಖವೂ ಸಡಿಲಾಯಿತು.

“ಮತ್ತೆ ಬಿಟಿಯಾ ಓದೋದೆಲ್ಲಿ?” ಎಂದರು. ಅವರು ತಿರುಗಿ ತಮ್ಮ ತೆರೆದ ಬಾಗಿಲನ್ನೇ ನೋಡಿದರು. “ಅರೇ, ಬಿಸಿಲಿರುವಷ್ಟು ಹೊತ್ತು ನಾನು ಇಲ್ಲೇ ತಾನೇ? ಸಂಜೆ ಗುರುದ್ವಾರ. ನನ್ನ ಕೋಣೆ ಖಾಲಿ ಬಿದ್ದಿರುತ್ತೆ. ಕಳಿಸು ಅವಳನ್ನ. ಟೀವಿ ಗೀವಿ ಏನೂ ಇಲ್ಲ ನನ್ನ ಹತ್ರ.”

ನಾನು ಕಿತ್ತುಕೊಳ್ಳಲು ಹೊರಟಿದ್ದ ಬಿಸಿಲೇ ನನ್ನ ಮಗಳಿಗೆ ಕೋಣೆಯನ್ನು ಖಾಲಿ ಮಾಡಿಕೊಟ್ಟಿತ್ತು.

ಜನವರಿಯಲ್ಲಿ ಗುಪ್ತಾಜಿ ಮೆಟ್ಟಿಲ ಮೇಲೆ ನನ್ನನ್ನು ತಡೆದರು. ಕೆಳಗೆ ಅಂಗಳದಲ್ಲಿ ನನ್ನ ಅಮ್ಮ, ಮೊಮ್ಮಗಳ ಮೇಲೆ ಕಣ್ಣಿಡುವ ನೆಪದಲ್ಲಿ ಇಳಿದುಹೋದವರು, ಮಾತಾಜಿಯ ಚಾರ್ಪಾಯಿಯಲ್ಲಿ ಅರ್ಧ ಆಕ್ರಮಿಸಿ ಕಿತ್ತಳೆ ಸುಲಿಯುತ್ತಿದ್ದರು. ಒಬ್ಬರದು ಕನ್ನಡ, ಇನ್ನೊಬ್ಬರದು ಪಂಜಾಬಿ, ಮಾತಿಗೆ ಮಾತ್ರ ಬಿಡುವಿಲ್ಲ. ಒಳಗೆ ಪಲ್ಲವಿ ಬಾಗಿಲು ಮುಂದೆ ಮಾಡಿಕೊಂಡು ಓದುತ್ತಿದ್ದಳು.

“ಇನ್ನೊಂದು ಸಲ ಕೇಳಿ ನೋಡಿ, ಸಾಬ್,” ಎಂದರು ಗುಪ್ತಾಜಿ ಪಿಸುಮಾತಿನಲ್ಲಿ. “ಸ್ವಲ್ಪ ಏರಿಸಿದರೆ ಬುಢಿಯಾ ವಿಲ್ಲಿಂಗ್ ಆದಾಳು.”

“ಅವರ ಮಾತು ಬಿಡಿ, ಗುಪ್ತಾಜಿ,” ಎಂದೆ. “ಈಗ ನಾನೇ ವಿಲ್ಲಿಂಗ್ ಇಲ್ಲ.”